ಆರು ಗಂಟೆಯ ಕವರು

ಜೂನ್ 14

ಅಪ್ಪನವರಿಗೆ,

ಜಾಮೀನಿನ ಮೇಲೆ ಹೊರಬಂದು ನಾಲ್ಕು ದಿನವಾಯಿತು. ಇದನ್ನು ನೀವು ಪತ್ರಿಕೆಯಲ್ಲಿ ಓದಿರುವುದಿಲ್ಲ. ನಾನು ಎಂಟು ವರ್ಷ ದುಡಿದ ಪತ್ರಿಕೆ ಕೂಡ ಒಂದು ಸಾಲು ಬರೆದಿಲ್ಲ. ನನ್ನ ಫೋನು ಪೊಲೀಸರ ಹತ್ತಿರ ಇದೆ. ಬೇರೆಯವರ ಫೋನಿನಿಂದ ಮಾತಾಡಬಹುದಿತ್ತು, ಆದರೆ ನಾನು ಎರಡು ಮಾತು ಬೈಯುವಷ್ಟರಲ್ಲಿ ನೀವು "ಆಯ್ತು, ಇಡ್ತೀನಿ" ಅನ್ನುತ್ತೀರಿ. ಕಾಗದವನ್ನು ಹಾಗೆ ಇಡಲಾಗುವುದಿಲ್ಲ. ಕೊನೆಯವರೆಗೂ ಓದಿ.

ಇಲ್ಲಿ ಊರ ಹೊರಗೆ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕಾರ್ಖಾನೆಯಿದೆ. ಅಲ್ಲಿ ದುಡಿಯುವ ಹೆಂಗಸರು ಕೈಗೆ ಹರಿದ ಕಾಲುಚೀಲ ಹಾಕಿಕೊಂಡು ಆಸಿಡ್ಡು ಸುರಿಯುತ್ತಾರೆ. ಅವರ ಮಕ್ಕಳಿಗೆ ಎರಡನೇ ತರಗತಿಗೆ ಬಂದರೂ ನಿನ್ನೆ ಕಲಿತ ಅಕ್ಷರ ಇವತ್ತು ನೆನಪಿರುವುದಿಲ್ಲ, ಹೊಟ್ಟೆ ಹಿಡಿದುಕೊಂಡು ಅಳುತ್ತವೆ. ಮೂರು ತಿಂಗಳಿಂದ ಇದರ ಹಿಂದೆ ಬಿದ್ದಿದ್ದೆ. ಜೂನ್ ಮೂರರ ಮಧ್ಯಾಹ್ನ ಒಳಗೆ ಹೋಗಿ ಫೋಟೋ ತೆಗೆದೆ. ನಾಲ್ಕು ಗಂಟೆಗೆ ಮಾಲೀಕನ ಕಡೆಯವರು ಹಿಡಿದರು. ನಾಲ್ಕೂವರೆಗೆ ಠಾಣೆಯಲ್ಲಿದ್ದೆ. ಫೋನಿನ ಗುಟ್ಟಿನ ಸಂಖ್ಯೆ ಹೇಳಲಿಲ್ಲವೆಂದು ಏಳೂವರೆಗೆ ನನ್ನ ಬಲಗೈಯನ್ನು ಮೇಜಿನ ಅಂಚಿಗೆ ಇಟ್ಟು ಮಣಿಕಟ್ಟು ಮುರಿದರು. ಗಂಟೆ ಇಷ್ಟು ಸರಿಯಾಗಿ ಹೇಗೆ ಗೊತ್ತು ಅಂದರೆ, ಎದುರು ಗೋಡೆಯ ಮೇಲೆ ಗಡಿಯಾರವಿತ್ತು. ಆರು ಗಂಟೆಯಿಂದ ನಾನು ಅದನ್ನೇ ನೋಡುತ್ತ ಕೂತಿದ್ದೆ.

ಯಾಕೆ ಎಂದು ನಿಮಗೆ ಗೊತ್ತು. ಫೆಬ್ರವರಿಯಲ್ಲಿ ವರದಿಗಾರರಿಗಾಗಿ ಮೂರು ದಿನದ ಸುರಕ್ಷತಾ ತರಬೇತಿಗೆ ಹೋಗಿದ್ದೆ. ಪತ್ರಕರ್ತರಿಗೆ ಕಾನೂನು ನೆರವು ಕೊಡುವ ಒಂದು ಸಂಘ ಅದನ್ನು ನಡೆಸುತ್ತದೆ. ಕಲಿಸಿದವರು ಅಗ್ನಿಶಾಮಕ ದಳದಿಂದ ನಿವೃತ್ತರಾದ ಮೇಷ್ಟ್ರು. ಗಲಭೆಯಲ್ಲಿ ಎಲ್ಲಿ ನಿಲ್ಲಬೇಕು, ರಕ್ತ ಸೋರಿದರೆ ಎಲ್ಲಿ ಒತ್ತಿ ಹಿಡಿಯಬೇಕು, ಠಾಣೆಯಲ್ಲಿ ಯಾವ ಕಾಗದಕ್ಕೆ ಸಹಿ ಹಾಕಬಾರದು, ಎಲ್ಲ ಹೇಳಿಕೊಟ್ಟರು. ಎಲ್ಲಕ್ಕಿಂತ ಮುಖ್ಯವಾದದ್ದು ಕವರು. ಅಪಾಯದ ಜಾಗಕ್ಕೆ ಹೋಗುವ ಮುಂಚೆ ಎಲ್ಲಿಗೆ, ಯಾಕೆ, ಏನಾದರೂ ಆದರೆ ಯಾವ ವಕೀಲರಿಗೆ ತಿಳಿಸಬೇಕು ಎಂದು ಒಂದು ಫಾರಂ ತುಂಬಿ, ಅರಗು ಹಾಕಿ ಮೊಹರು ಮಾಡಿ, ನಂಬಿಕೆಯ ಒಬ್ಬರಿಗೆ ಕೊಡಬೇಕು. ಹೇಳಿದ ಗಂಟೆಗೆ ನಮ್ಮ ಫೋನು ಬರದಿದ್ದರೆ ಅವರು ತೆರೆಯಬೇಕು. ಮೇಷ್ಟ್ರು ಒಂದೇ ಮಾತನ್ನು ಹತ್ತು ಸಲ ಹೇಳಿದರು: "ಕವರು ಹಿಡ್ಕೊಂಡೋರು ಯೋಚನೆ ಮಾಡ್ಬಾರ್ದು. ಗಡಿಯಾರ ನೋಡ್ಬೇಕು, ಹರೀಬೇಕು. ಅಷ್ಟೇ."

ನಾನು ಅದನ್ನು ನಿಮಗೆ ಕಳಿಸಿದೆ, ರಿಜಿಸ್ಟರ್ಡ್ ಅಂಚೆಯಲ್ಲಿ. ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದೆ: "ಸಂಜೆ ಆರರೊಳಗೆ ನನ್ನ ಫೋನು ಬರದಿದ್ದರೆ ತೆರೆಯಿರಿ."

ಆರಾಯಿತು. ಈಗ ಅಪ್ಪ ಕನ್ನಡಕ ಹುಡುಕುತ್ತಿರುತ್ತಾರೆ ಅಂದುಕೊಂಡೆ. ಆರೂ ಐದು, ಕತ್ತರಿ ಹುಡುಕುತ್ತಿರುತ್ತಾರೆ. ಆರೂ ಹತ್ತು, ಫಾರಂನಲ್ಲಿ ಬರೆದಿದ್ದ ವಕೀಲರಮ್ಮನಿಗೆ ಫೋನು ಹೋಗಿರುತ್ತದೆ. ವಕೀಲರಮ್ಮನ ಕಚೇರಿ ಠಾಣೆಯಿಂದ ಎರಡು ಬೀದಿ ಆಚೆ. ಅವರು ಬಂದದ್ದು ಮೂರನೇ ದಿನ, ಅದೂ ಕಾರ್ಖಾನೆಯ ಒಬ್ಬ ಹೆಂಗಸು ಕದ್ದು ಹೋಗಿ ಹೇಳಿದ್ದರಿಂದ. ನನ್ನ ಕೈ ನೋಡಿ ಅವರು ಹೇಳಿದ್ದು ಇಷ್ಟು: "ಆರೂ ಹತ್ತಕ್ಕೆ ಯಾರಾದ್ರೂ ಒಂದು ಫೋನ್ ಮಾಡಿದ್ರೆ ಆರೂವರೆಗೆ ಇಲ್ಲಿ ಇರ್ತಿದ್ದೆನಲ್ಲಮ್ಮಾ."

ಯಾಕೆ ತೆರೆಯಲಿಲ್ಲ? ಒಂದೇ ಪ್ರಶ್ನೆ, ಉತ್ತರ ಕೊಡಿ.

ಅಕ್ಷರ ಸೊಟ್ಟಗಿವೆ ಎಂದು ತಿದ್ದಿ ವಾಪಸು ಕಳಿಸಬೇಡಿ. ಎಡಗೈಯಲ್ಲಿ ಬರೆದಿದ್ದೇನೆ.

ಇಂತಿ,
ಆರೋಪಿ ನಂಬರ್ ಒಂದು


ಜೂನ್ 20

ಚಿರಂಜೀವಿ ಗಲಾಟೆಗೆ ಆಶೀರ್ವಾದಗಳು.

ತೊಟ್ಟಿಲಲ್ಲಿದ್ದಾಗ ನಿನ್ನಮ್ಮ ಇಟ್ಟ ಈ ಹೆಸರನ್ನು ನೀನು ಇವತ್ತಿನವರೆಗೂ ಸುಳ್ಳು ಮಾಡಿಲ್ಲ.

ನಿನ್ನ ಕಾಗದ ತಲುಪಿತು. ಅಪ್ಪನಿಗೆ ಬಹುವಚನ ಹಾಕಿ ಬರೆದಿದ್ದೀಯ. ಹುಟ್ಟಿದಾಗಿನಿಂದ ನೀನು ನನ್ನನ್ನು "ನೀವು" ಎಂದವಳಲ್ಲ. ಇದಕ್ಕಿಂತ ನಾಲ್ಕು ಬೈಗುಳ ಬರೆದಿದ್ದರೆ ಚೆನ್ನಾಗಿತ್ತು.

ಉತ್ತರ ಕೇಳಿದ್ದೀಯ. ಮೂವತ್ತನಾಲ್ಕು ವರ್ಷ ನಾನು ಕೋರ್ಟಿನಲ್ಲಿ ಗುಮಾಸ್ತನಾಗಿದ್ದೆ. ಮೊಹರಾದ ಲಕೋಟೆಗಳನ್ನು ಪಡೆದು, ದಾಖಲು ಮಾಡಿ, ಬೀರುವಿನಲ್ಲಿ ಇಡುವುದೇ ನನ್ನ ಕೆಲಸವಾಗಿತ್ತು. ಸರಿಯಾದ ಆದೇಶವಿಲ್ಲದೆ ಒಂದೇ ಒಂದು ಲಕೋಟೆಯನ್ನೂ ತೆರೆದವನಲ್ಲ. ನಿನ್ನ ಕವರಿನ ಮೇಲೆ ಗಂಟೆ ಇತ್ತು, ದಿನಾಂಕ ಇರಲಿಲ್ಲ. ಯಾವ ದಿನದ ಆರು ಗಂಟೆ? ಇಂಥ ಲೋಪ ಬಿಟ್ಟು ಕಳಿಸಿದರೆ ಪಡೆದವನು ಏನು ಮಾಡಬೇಕು?

ಈ ಕೆಲಸ ಬೇಡ ಎಂದು ನಾನು ನಿನಗೆ ಹೇಳದ ದಿನವಿಲ್ಲ. ನೀನು ಕಿವಿಗೆ ಹಾಕಿಕೊಂಡ ದಿನವೂ ಇಲ್ಲ.

ಕವರು ಬೀರುವಿನಲ್ಲಿ ಹಾಗೆಯೇ ಇದೆ. ಏನು ಮಾಡಲಿ ತಿಳಿಸು.

ಮೂಳೆ ಡಾಕ್ಟರಿಗೆ ತೋರಿಸಿದೆಯಾ? ಸರ್ಕಾರಿ ಆಸ್ಪತ್ರೆಯ ಚೀಟಿಯನ್ನು ಜೋಪಾನವಾಗಿ ಇಟ್ಟುಕೋ.

ನಿನ್ನ ಅಪ್ಪ


ಜೂನ್ 27

ಅಪ್ಪನವರಿಗೆ,

ದಿನಾಂಕ ಇರಲಿಲ್ಲ! ಓದಿ ಮೈಯೆಲ್ಲ ಉರಿದು ಹೋಯಿತು. ಎರಡನೇ ತಾರೀಕು ಸಂಜೆ ನಾನು ಫೋನ್ ಮಾಡಿ "ಕವರು ಬಂತಾ?" ಎಂದು ಕೇಳಲಿಲ್ಲವಾ? "ನಾಳೆ ಹೋಗ್ತಿದೀನಿ" ಅನ್ನಲಿಲ್ಲವಾ? ನೀವು "ಬಿಟ್ಟು ಬಾ, ಇಲ್ಲೇ ಯಾವ್ದಾದ್ರೂ ಶಾಲೆಯಲ್ಲಿ ಪಾಠ ಮಾಡು" ಎಂದು ಶುರು ಮಾಡಿದ್ದರಿಂದ ತಾನೆ ನಾನು ಸಿಟ್ಟಿನಿಂದ ಕಟ್ ಮಾಡಿದ್ದು? ದಿನಾಂಕ ನಿಮಗೆ ಗೊತ್ತಿತ್ತು. ಮಗಳು ಕಳಿಸಿದ್ದನ್ನು ಕೋರ್ಟಿನ ಕಡತ ಮಾಡಿ, ಕೊರತೆ ಹುಡುಕಿ, ಬೀರುವಿಗೆ ಹಾಕಿ ಬೀಗ ಜಡಿದಿರಿ. ಹೋಗಲಿ, ಸ್ವೀಕೃತಿ ಸಂಖ್ಯೆ ಏನಾದರೂ ಕೊಟ್ಟಿದ್ದೀರಾ?

ಕವರನ್ನು ಹರಿದು ಒಲೆಗೆ ಹಾಕಿ. ನನಗೆ ಬೇಡ.

ಇಲ್ಲಿಯ ಸುದ್ದಿ ಕೇಳಿ, ನಿಮಗೆ ಕೋರ್ಟು ಕಚೇರಿಯ ಸುದ್ದಿ ಇಷ್ಟ ತಾನೆ. ನನ್ನ ಮೇಲಿರುವುದು ಕಳ್ಳತನದ ಮೊಕದ್ದಮೆ. ಕಾರ್ಖಾನೆಗೆ ನಾನು ಸೀಸದ ಗಟ್ಟಿ ಕದಿಯಲು ಹೋಗಿದ್ದೆನಂತೆ. ನನ್ನ ಚೀಲದಲ್ಲಿ ಎರಡು ಗಟ್ಟಿ ಸಿಕ್ಕವು ಎಂದು ಪೊಲೀಸರು ಬರೆದಿದ್ದಾರೆ. ಒಂದೊಂದು ಗಟ್ಟಿ ಇಪ್ಪತ್ತೈದು ಕಿಲೋ. ನೀರಿನ ಬಿಂದಿಗೆ ಎತ್ತುವಾಗ ಏದುಸಿರು ಬಿಡುವ ನಾನು ಐವತ್ತು ಕಿಲೋ ಹೆಗಲಿಗೆ ಹಾಕಿಕೊಂಡು ಗೋಡೆ ಹಾರುತ್ತಿದ್ದೆನಂತೆ. ನಗು ಬರುತ್ತದೆ ಅಲ್ಲವಾ? ಅಪರಾಧ ಸಾಬೀತಾದರೆ ಮೂರು ವರ್ಷ ಎಂದು ವಕೀಲರಮ್ಮ ಹೇಳಿದ ಮೇಲೆ ನನಗೆ ನಗು ಬರುತ್ತಿಲ್ಲ.

ವರದಿಗಾಗಿ ಹೋಗಿದ್ದೆ ಎಂಬುದಕ್ಕೆ ನನ್ನ ಹತ್ತಿರ ಪುರಾವೆಯಿಲ್ಲ. ಸಂಪಾದಕರು "ಹೋಗಿ ಬಾ" ಎಂದು ಕಳಿಸಿದ ಸಂದೇಶ ಫೋನಿನಲ್ಲಿತ್ತು. ಫೋನು ನೀರಿಗೆ ಬಿದ್ದು ಕೆಟ್ಟಿದೆ ಎಂದು ಪೊಲೀಸರು ಹೇಳುತ್ತಾರೆ. ಠಾಣೆಯ ಒಳಗೆ, ಮೇಜಿನ ಮೇಲೆ, ಅದು ಯಾವ ನೀರಿಗೆ ಬಿತ್ತೋ. ಸಂಪಾದಕರು ಕೈ ತೊಳೆದುಕೊಂಡಿದ್ದಾರೆ. ಮೊನ್ನೆ ಐದನೇ ಪುಟದ ಮೂಲೆಯಲ್ಲಿ ಎರಡು ಸಾಲು ಹಾಕಿದ್ದಾರೆ, ಆಕೆ ನಮ್ಮ ಸಿಬ್ಬಂದಿಯಲ್ಲ, ಆಕೆಯನ್ನು ನಾವು ಎಲ್ಲಿಗೂ ಕಳಿಸಿಲ್ಲ ಎಂದು. ನನ್ನ ಗುರುತಿನ ಚೀಟಿಯ ಅವಧಿ ಮುಗಿದು ಎರಡು ವರ್ಷ. ಕೇಳಿದಾಗೆಲ್ಲ "ನಾಳೆ ಮಾಡಿಸ್ಕೊಡ್ತೀನಮ್ಮಾ" ಅನ್ನುತ್ತಿದ್ದರು. ಆ ನಾಳೆ ಯಾಕೆ ಬರಲಿಲ್ಲ ಎಂದು ಈಗ ತಿಳಿಯಿತು.

ದಿನವೂ ಬೆಳಿಗ್ಗೆ ಹತ್ತಕ್ಕೆ ಅದೇ ಠಾಣೆಗೆ ಹೋಗಿ ಅದೇ ಮೇಜಿನ ಮುಂದೆ ಎಡಗೈಯಲ್ಲಿ ಸಹಿ ಹಾಕುತ್ತೇನೆ. ಊರು ಬಿಡುವ ಹಾಗಿಲ್ಲ. ನೀವೂ ಬರಬೇಡಿ. ಬಂದರೆ ಏನಾದರೂ ಅಂದುಬಿಡುತ್ತೇನೆ.

ಇಂತಿ,
ಐವತ್ತು ಕಿಲೋ ಎತ್ತಿದವಳು


ಜುಲೈ 19

ಅಪ್ಪನವರಿಗೆ,

ಮೂರು ವಾರವಾಯಿತು, ಉತ್ತರವಿಲ್ಲ. ಆ ಕಾಗದದಲ್ಲಿ ದಿನಾಂಕ ಹಾಕಿದ್ದೆ ಎಂದು ನೆನಪು.

ನಿನ್ನೆ ಪಟ್ಟಿ ಬಿಚ್ಚಿದರು. ಕೈ ಪೂರ್ತಿ ತಿರುಗುವುದಿಲ್ಲ. ಬಾಗಿಲ ಚಿಲಕ ತೆಗೆಯಲಾಗುತ್ತದೆ, ಬೀಗ ತಿರುಗಿಸಲಾಗುವುದಿಲ್ಲ. ಕೆಳಗಡೆ ಸೈಕಲ್ ಅಂಗಡಿಯವನು ಬಂದು ತೆರೆದುಕೊಡುತ್ತಾನೆ. ಪೆನ್ನು ಹಿಡಿದರೆ ನಾಲ್ಕು ಸಾಲಿಗೆ ನೋಯುತ್ತದೆ.

ಇದು ನಾಲ್ಕು ಸಾಲು ದಾಟಿತು.

ಇಂತಿ,
ಮಗಳು


ಆಗಸ್ಟ್ 4

ಚಿರಂಜೀವಿ ಗಲಾಟೆಗೆ ಆಶೀರ್ವಾದಗಳು.

ತಡವಾಯಿತು. ನಾನು ನಿನ್ನ ಸಂಪಾದಕರ ಕಚೇರಿಗೆ ಹೋಗುತ್ತಿದ್ದೆ. ಪತ್ರಿಕೆಯ ಮುಖ್ಯ ಕಚೇರಿ ನಮ್ಮೂರಿನಲ್ಲೇ ಇರುವಾಗ ಸುಮ್ಮನೆ ಕೂರುವುದು ಹೇಗೆ? ಒಂಬತ್ತು ದಿನ ಅವರ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತೆ. ಮೂವತ್ತನಾಲ್ಕು ವರ್ಷ ಬೇರೆಯವರನ್ನು ಬೆಂಚಿನ ಮೇಲೆ ಕಾಯಿಸಿದವನು ನಾನು. ಒಳಗೆ ಕೂತವನಿಗೆ ಒಂದು ಗಂಟೆ ಅಂದರೆ ಒಂದು ಗಂಟೆ. ಹೊರಗೆ ಕೂತವನ ಗಂಟೆ ಬೇರೆ ಎಂದು ಈ ವಯಸ್ಸಿನಲ್ಲಿ ಕಲಿತೆ.

ಅವರ ಗಾಜಿನ ಬಾಗಿಲ ಮೇಲೆ "ನಿರ್ಭೀತ ದಿನಪತ್ರಿಕೆ" ಎಂದು ಬರೆಸಿದ್ದಾರೆ. ಒಂಬತ್ತನೇ ದಿನ ಒಳಗೆ ಕರೆದರು. ಬಹಳ ಮರ್ಯಾದೆಯ ಮನುಷ್ಯ, ನೀರು ಕೊಡಿಸಿದರು.

"ಯಜಮಾನ್ರೇ, ನಿಮ್ಮ ಸಂಕಟ ನಂಗರ್ಥ ಆಗುತ್ತೆ. ಆದ್ರೆ ಅವರು ನಮ್ಮ ಸಿಬ್ಬಂದಿ ಅಲ್ಲ."

"ಎಂಟು ವರ್ಷ ಅವಳ ಹೆಸರು ನಿಮ್ಮ ಪೇಪರಲ್ಲಿ ಬಂತಲ್ಲ ಸ್ವಾಮಿ, ಎಲ್ಲಾ ಕತ್ತರಿಸಿ ಇಟ್ಕೊಂಡಿದೀನಿ."

"ಆಗಾಗ ಬರೆಯೋರು ನೂರಾರು ಜನ ಇರ್ತಾರೆ. ಆ ದಿನ ನಾವು ಕಳ್ಸಿರಲಿಲ್ಲ."

"ಕಳ್ಸಿದ್ರಿ ಅಂತ ಒಂದು ಸಾಲು ಬರ್ಕೊಡಿ. ಬರೀ ನಿಜ ಬರ್ಕೊಡಿ."

"ಆಗಲ್ಲ. ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿದುಕೊಳ್ಳಲು ಏನೂ ಉಳಿದಿರಲಿಲ್ಲ. ಅವರ ಬೆನ್ನ ಹಿಂದೆ ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಒಂದು ಪುಟವಿತ್ತು. ಅದರ ಅರ್ಧ ಭಾಗ ಆ ಬ್ಯಾಟರಿ ಕಾರ್ಖಾನೆಯ ಜಾಹೀರಾತು. ಅದನ್ನು ಬೆರಳು ಮಾಡಿ ತೋರಿಸಿ, "ಇವರೇನೋ ನಿಮ್ಮ ಸಿಬ್ಬಂದಿ ಇರ್ಬೇಕು" ಅಂದೆ. ಜೀವಮಾನದಲ್ಲಿ ಮೊದಲ ಸಲ ಒಂದು ಕಚೇರಿಯ ಬಾಗಿಲನ್ನು ದಡಾರೆಂದು ಹಾಕಿ ಬಂದೆ. ಗಾಜು ಒಡೆಯಲಿಲ್ಲ, ಒಡೆಯಬೇಕಿತ್ತು.

ಮೆಟ್ಟಿಲಿಳಿಯುವಾಗ ಹೊಳೆಯಿತು. ನಿನ್ನ ಕವರನ್ನು ನಾನು ಒಲೆಗೆ ಹಾಕಿಲ್ಲ. ಮನೆಗೆ ಬಂದು ತಿರುಗಿಸಿ ನೋಡಿದೆ. ಅಂಚೆಯ ಗುಮಾಸ್ತ ಹಿಂಬದಿಯ ಅಂಟಿನ ಮೇಲೂ ಮುದ್ರೆ ಒತ್ತಿದ್ದಾನೆ, ಮೇ 31. ನಿನ್ನ ಅರಗಿನ ಮೊಹರು ಮೂರೂ ನೆಟ್ಟಗಿವೆ. ನೀನು ಹೋದದ್ದು ಜೂನ್ ಮೂರು. ಎಲ್ಲಿಗೆ, ಯಾಕೆ ಹೋಗುತ್ತೇನೆ ಎಂದು ಮೂರು ದಿನ ಮುಂಚೆ ಬರೆದಿಟ್ಟಿದ್ದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ? ತೆರೆದಿದ್ದರೆ ಇವತ್ತು ಅದು ಬರೀ ಕಾಗದ, ಯಾವಾಗ ಬೇಕಾದರೂ ಬರೆದು ಒಳಗೆ ತುರುಕಬಹುದಿತ್ತು ಅನ್ನುತ್ತಿದ್ದರು. ತೆರೆಯದ ಕವರನ್ನು ನ್ಯಾಯಾಧೀಶರ ಕೈಯಲ್ಲೇ ಹರಿಸಬಹುದು.

ಇದನ್ನು ನನ್ನ ಸಮರ್ಥನೆಗಾಗಿ ಬರೆಯುತ್ತಿಲ್ಲ, ಹಾಗೆ ಓದಬೇಡ. ವಕೀಲರಮ್ಮನಿಗೂ ಬರೆದಿದ್ದೇನೆ.

ಬೀಗದ ಕೈಗೆ ಉದ್ದನೆಯ ಮರದ ತುಂಡು ಕಟ್ಟಿಕೋ. ತಿರುಗಿಸಲು ಹಗುರವಾಗುತ್ತದೆ.

ನಿನ್ನ ಅಪ್ಪ


ಆಗಸ್ಟ್ 13

ಅಪ್ಪನವರಿಗೆ,

ವಕೀಲರಮ್ಮ ನಿಮ್ಮ ಕಾಗದ ಓದಿ ಕುರ್ಚಿಯಿಂದ ಎದ್ದು ನಿಂತರು. "ನಿಮ್ಮಪ್ಪ ಅದನ್ನ ಮುಟ್ಟಿಲ್ವಾ? ನಿಜವಾಗ್ಲೂ ಮುಟ್ಟಿಲ್ವಾ?" ಎಂದು ಮೂರು ಸಲ ಕೇಳಿದರು. ಮುಖ ಅರಳಿತ್ತು. ನನಗೆ ಅವರ ಮೇಲೂ ಸಿಟ್ಟು ಬಂತು.

ಹರಿದಿದ್ದರೆ ಕೈ ಉಳಿಯುತ್ತಿತ್ತು. ಹರಿಯದೆ ಇದ್ದದ್ದರಿಂದ ಮೊಕದ್ದಮೆ ಉಳಿಯುತ್ತದೆ. ಇದಕ್ಕೆ ಯಾರ ಕೆನ್ನೆಗೆ ಬಾರಿಸಬೇಕು ಎಂದು ಗೊತ್ತಾಗದೆ ದಿನವಿಡೀ ಕೋಣೆಯಲ್ಲಿ ಶತಪಥ ತಿರುಗಿದೆ. ಎಲ್ಲರೂ "ಸದ್ಯ, ಒಳ್ಳೇದೇ ಆಯ್ತಲ್ಲ" ಅನ್ನುತ್ತಾರೆ. ಒಳ್ಳೆಯದಾಗಲಿಲ್ಲ. ನೀವು ಮಾತ್ರ ಆ ಮಾತು ಬರೆಯಲಿಲ್ಲ, ಅದನ್ನು ಗಮನಿಸಿದೆ.

ಒಂದು ವಿಷಯವಿದೆ. ಕವರನ್ನು ವಕೀಲರಮ್ಮನಿಗೆ ಕಳಿಸಿಬಿಡಿ, ಕೋರ್ಟಿಗೆ ನೀವು ಬರಬೇಡಿ. ಮಾಹಿತಿ ಕೊಟ್ಟ ಹೆಂಗಸರ ಹೆಸರು ಅದರಲ್ಲಿಲ್ಲ, ಅದನ್ನು ಬರೆಯಕೂಡದು ಎಂದು ಮೇಷ್ಟ್ರು ಕಿವಿ ಹಿಂಡಿ ಹೇಳಿದ್ದರು. ನನ್ನ ಚಿಂತೆ ಬೇರೆ. ಆ ಫಾರಂನ ಕೊನೆಯಲ್ಲಿ ನಿಮ್ಮ ಬಗ್ಗೆ ಒಂದು ಸಾಲು ಬರೆದಿದ್ದೇನೆ. ಅದನ್ನು ನೀವು ತುಂಬಿದ ಕೋರ್ಟಿನಲ್ಲಿ ಕೇಳಬಾರದು. ನಾನೂ ಕೇಳಲಾರೆ.

ಮರದ ತುಂಡು ಕಟ್ಟಿದೆ. ಬೀಗ ತಿರುಗುತ್ತದೆ.

ಇಂತಿ,
ಮಗಳು


ಸೆಪ್ಟೆಂಬರ್ 2

ಚಿರಂಜೀವಿ ಗಲಾಟೆಗೆ,

ನಾನು ಬರಲೇಬೇಕು. ಕವರು ಯಾರ ಕೈಗೆ ಬಂತೋ, ಯಾರ ಬೀರುವಿನಲ್ಲಿತ್ತೋ ಅವರೇ ಕಟಕಟೆ ಹತ್ತಿ ಹೇಳಬೇಕು. ಇಲ್ಲದಿದ್ದರೆ ಅದು ಪುರಾವೆಯಾಗಿ ನಿಲ್ಲುವುದಿಲ್ಲ. ಸರ್ಕಾರದ ಕಡೆಯ ವಕೀಲರು ಎದ್ದು ಮೊದಲು ಕೇಳುವ ಪ್ರಶ್ನೆಯೂ ನನಗೆ ಗೊತ್ತು. ನೀನು ಕೇಳಿದ್ದನ್ನೇ ಕೇಳುತ್ತಾರೆ, ಯಾಕೆ ತೆರೆಯಲಿಲ್ಲ ಎಂದು. ಪ್ರಮಾಣ ಮಾಡಿದ ಮೇಲೆ ನಾನು ಅಲ್ಲಿ ದಿನಾಂಕದ ಕತೆ ಹೇಳಲಾರೆ. ಆದ್ದರಿಂದ ಮೊದಲು ನಿನಗೆ ಹೇಳುತ್ತೇನೆ.

ಆ ದಿನ ಐದು ಗಂಟೆಯಿಂದಲೇ ಕವರನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದೆ. ಕನ್ನಡಕ ಹಾಕಿಕೊಂಡಿದ್ದೆ, ಕತ್ತರಿಯೂ ಪಕ್ಕದಲ್ಲಿತ್ತು. ಅವು ಯಾವುದನ್ನೂ ನಾನು ಹುಡುಕಬೇಕಿರಲಿಲ್ಲ. ಆರಾಯಿತು. ಐದು ನಿಮಿಷ ನೋಡೋಣ ಅಂದುಕೊಂಡೆ. ಕಾಲು ಗಂಟೆ ಕಳೆಯಿತು. ಕತ್ತರಿ ಕೈಗೆತ್ತಿಕೊಂಡೆ. ತೆರೆಯುವ ಮುಂಚೆ ಒಂದು ಸಲ ಫೋನ್ ಮಾಡಿಬಿಡೋಣ ಎಂದು ಮಾಡಿದೆ. ರಿಂಗಾಯಿತು. ನಾಲ್ಕೈದು ಸಲ ರಿಂಗಾಗಿ ಕಟ್ಟಾಯಿತು. ತಾನಾಗಿ ನಿಂತದ್ದಲ್ಲ, ಯಾರೋ ಕಟ್ ಮಾಡಿದ್ದು.

ಹಿಂದಿನ ಸಂಜೆ ನೀನು ಸಿಟ್ಟಿನಿಂದ ಹೀಗೆಯೇ ಕಟ್ ಮಾಡಿದ್ದೆ. ಅದಕ್ಕೂ ಮುಂಚೆ ನಾಲ್ಕು ತಿಂಗಳು ನಮ್ಮಿಬ್ಬರಿಗೆ ಮಾತಿರಲಿಲ್ಲ. ನಾನು ಅಂದುಕೊಂಡೆ, ಕ್ಷೇಮವಾಗಿದ್ದಾಳೆ, ನನ್ನ ಮೇಲಿನ ಕೋಪಕ್ಕೆ ಕಟ್ ಮಾಡಿದ್ದಾಳೆ, ಅಷ್ಟೊಂದು ಸೊಕ್ಕಿದ್ದರೆ ಇರಲಿ. ಕತ್ತರಿಯನ್ನು ಡ್ರಾಯರಿಗೆ ಹಾಕಿ, ಕವರನ್ನು ಬೀರುವಿಗಿಟ್ಟು, ಊಟ ಮಾಡಿದೆ. ಆಗ ಆರೂವರೆ. ನಿನ್ನ ಕೈ ಮುರಿಯಲು ಇನ್ನೂ ಒಂದು ಗಂಟೆಯಿತ್ತು.

ನಾನು ಉಂಡೆ, ಮಗಳೇ. ಅದನ್ನು ಯಾರಿಗೂ ಹೇಳಿರಲಿಲ್ಲ.

ನಿನ್ನ ಅಪ್ಪ


ಸೆಪ್ಟೆಂಬರ್ 11

ಅಪ್ಪಾ,

ಫೋನು ಕಟ್ ಮಾಡಿದವನು ದಪ್ಪ ಕನ್ನಡಕದ ಒಬ್ಬ ಪೇದೆ. ಫೋನು ಮೇಜಿನ ಮೇಲೆ ನನ್ನ ಎದುರಿಗೇ ಇತ್ತು. ಆರೂಕಾಲಿಗೆ ರಿಂಗಾಯಿತು. ಪರದೆಯ ಮೇಲೆ "ಅಪ್ಪ" ಎಂದು ಬಂತು. ಅವನು ಬೆರಳಿನಿಂದ ಒತ್ತಿ ನಿಲ್ಲಿಸಿದ.

ಆಗ ನಾನು ನಕ್ಕೆ. ನಿಜವಾಗಿ ನಕ್ಕೆ. "ಯಾಕೆ ನಗ್ತೀಯಾ?" ಎಂದು ಕೇಳಿದ. ಅಪ್ಪ ಕವರು ತೆರೆದಿದ್ದಾನೆ, ತೆರೆದೇ ಫೋನ್ ಮಾಡುತ್ತಿದ್ದಾನೆ, ಇನ್ನು ಕಾಲು ಗಂಟೆಯಲ್ಲಿ ವಕೀಲರಮ್ಮ ಬಾಗಿಲಲ್ಲಿರುತ್ತಾರೆ ಎಂದುಕೊಂಡೆ. ಆ ಧೈರ್ಯದಲ್ಲೇ ಗುಟ್ಟಿನ ಸಂಖ್ಯೆ ಹೇಳದೆ ಕೂತೆ. ಫೋನಿನಲ್ಲಿ ಮಾಹಿತಿ ಕೊಟ್ಟ ಹನ್ನೊಂದು ಹೆಂಗಸರ ನಂಬರಿತ್ತು. ಅವರಲ್ಲಿ ಒಬ್ಬರ ಮನೆಗೂ ಇವತ್ತಿನವರೆಗೆ ಯಾರೂ ಹೋಗಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಓದಿಕೊಳ್ಳಬೇಡ. ಕ್ಷಮಿಸಿಲ್ಲ. ಆ ಊಟದ ಸಾಲನ್ನು ಓದಿದಾಗ ಕಾಗದವನ್ನು ಗೋಡೆಗೆ ಎಸೆದೆ. ಕಾಗದ ಎಸೆದರೆ ದೂರ ಹೋಗುವುದಿಲ್ಲ. ಮತ್ತೆ ಎತ್ತಿಕೊಂಡು ಓದಿದೆ.

ಬಾ. ವಿಚಾರಣೆ ನವೆಂಬರ್ 18ಕ್ಕೆ.

ಗಲಾಟೆ


ನವೆಂಬರ್ 21

ಚಿರಂಜೀವಿ ಗಲಾಟೆಗೆ ಆಶೀರ್ವಾದಗಳು.

ಬಸ್ಸಿನಲ್ಲಿ ಎಂಟು ಗಂಟೆ ಕೂತು ಮನೆಗೆ ಬಂದೆ. ಬಸ್ ನಿಲ್ದಾಣದಲ್ಲಿ ನಮ್ಮ ಮಾತು ಇಷ್ಟೇ. ಕಿಟಕಿಯ ಸೀಟು ಸಿಕ್ಕಿತಾ ಎಂದು ನೀನು ಕೇಳಿದೆ, ಸಿಕ್ಕಿತು ಎಂದೆ. ಆದ್ದರಿಂದ ಬರೆಯುತ್ತಿದ್ದೇನೆ. ಕೋರ್ಟಿನಲ್ಲಿ ನೀನು ಹಿಂದೆ ನಿಂತಿದ್ದೆ, ನನ್ನ ಬೆನ್ನನ್ನು ಮಾತ್ರ ನೋಡಿದೆ.

ಸರ್ಕಾರಿ ವಕೀಲ ನಿನಗಿಂತ ಚಿಕ್ಕವನು. "ಮಗಳು ಅಪಾಯದಲ್ಲಿದ್ಲು ಅಂತೀರಿ, ಕೈಯಲ್ಲಿ ಕವರು ಇತ್ತು ಅಂತೀರಿ, ಮತ್ತೆ ಯಾಕೆ ತೆರೀಲಿಲ್ಲ? ಯಾಕಂದ್ರೆ ಅವಳು ವರದಿಗೆ ಹೋಗಿರಲಿಲ್ಲ, ಅದು ನಿಮಗೂ ಗೊತ್ತಿತ್ತು, ಅಲ್ವಾ?" ಎಂದು ಕೂಗಿದ. ಇಂಥ ಜಾಗದಲ್ಲೇ ನಿಂತು ಜನ ಎಷ್ಟೊಂದು ಸುಳ್ಳು ಹೇಳುವುದನ್ನು ನಾನು ಕೇಳಿದ್ದೇನೆ. ಕಟಕಟೆಯ ಮರ ಹಿಡಿದುಕೊಂಡು ನಿಂತಾಗಲೇ ತಿಳಿದದ್ದು, ನಿಜ ಹೇಳಲು ಬಾಯಿ ಎಷ್ಟು ಒಣಗುತ್ತದೆ ಎಂದು. ನಾನು ಹೇಳಿದ್ದು ನಿನಗೆ ಕೇಳಿಸಿತೋ ಇಲ್ಲವೋ. "ಅವಳ ಮೇಲೆ ಕೋಪ ಇತ್ತು ಸ್ವಾಮಿ. ಅದಕ್ಕೇ ತೆರೀಲಿಲ್ಲ. ತಪ್ಪು ನಂದು" ಎಂದೆ. ಬೆರಳಚ್ಚು ಮಾಡುವ ಹುಡುಗಿ ತಲೆಯೆತ್ತಿ ನೋಡಿದಳು. ನ್ಯಾಯಾಧೀಶರು "ಅದನ್ನ ಹಾಗೇ ದಾಖಲು ಮಾಡಿ" ಅಂದರು.

ಆಮೇಲೆ ಮೊಹರು ಒಡೆದರು. ಗುಮಾಸ್ತರು ಗಟ್ಟಿಯಾಗಿ ಓದತೊಡಗಿದರು. ಹೋಗುವ ಸ್ಥಳ: ಸೀಸದ ಕಾರ್ಖಾನೆ. ಉದ್ದೇಶ: ಕಾರ್ಮಿಕರ ಆರೋಗ್ಯದ ಬಗ್ಗೆ ವರದಿ, ಫೋಟೋ. ಕಳಿಸಿದವರು: ಸಂಪಾದಕರು, ಮೇ 30ರ ಸಂದೇಶ. ಅಲ್ಲಿಗೆ ಸರ್ಕಾರಿ ವಕೀಲ ಕೂತುಬಿಟ್ಟ. ಗುಮಾಸ್ತರು ನಿಲ್ಲಿಸಬಹುದಿತ್ತು. ಪೂರ್ತಿ ಓದುವುದು ನಮ್ಮ ಕಸುಬಿನ ಅಭ್ಯಾಸ, ಅವರು ಪೂರ್ತಿ ಓದಿದರು. "ತುರ್ತಿನಲ್ಲಿ ನಿಮ್ಮ ಪರವಾಗಿ ನಿಲ್ಲುವವರು: ನನ್ನ ಅಪ್ಪ. ಅವರನ್ನೇ ಆರಿಸಲು ಕಾರಣ: ನಮಗೆ ಮಾತಿಲ್ಲ. ಆದರೂ ಅವರು ಒಂದು ನಿಮಿಷವೂ ತಡ ಮಾಡುವವರಲ್ಲ."

ನಾನು ಗೋಡೆಯ ಗಡಿಯಾರ ನೋಡಿದೆ. ಕಟಕಟೆಯಲ್ಲಿ ನಿಂತವನಿಗೆ ನೋಡಲು ಬೇರೆ ಏನಿರುತ್ತದೆ?

ಕಳ್ಳತನದ ಆರೋಪ ಕೈಬಿಟ್ಟದ್ದು, ನಿನ್ನ ಕೈ ಮುರಿದವರ ಮೇಲೆ ವಿಚಾರಣೆಗೆ ಆದೇಶವಾದದ್ದು, ಇದನ್ನೆಲ್ಲ ನೀನೇ ಕೇಳಿದ್ದೀಯ. ಆದೇಶದ ದೃಢೀಕೃತ ಪ್ರತಿಗಳನ್ನು ಮೂರು ತೆಗೆಸಿಟ್ಟುಕೋ.

ಆ ಸಾಲನ್ನು ನಾನು ಕೇಳಬಾರದು ಎಂದು ನೀನು ಬರೆದಿದ್ದೆ. ಕೇಳಬೇಕಿತ್ತು.

ನಿನ್ನ ಅಪ್ಪ


ಡಿಸೆಂಬರ್ 1

ಅಪ್ಪಾ,

ಸಂಪಾದಕರ ವರಸೆ ನೋಡು. ಆದೇಶ ಬಂದ ಮರುದಿನ ಮುಖಪುಟದಲ್ಲಿ ನನ್ನ ಫೋಟೋ, ಮೇಲೆ "ನಮ್ಮ ವರದಿಗಾರ್ತಿಗೆ ಜಯ". ನಮ್ಮ! ಜೊತೆಗೆ ಹೊಸ ಗುರುತಿನ ಚೀಟಿ, ಹೂಗುಚ್ಛ. ಚೀಟಿಯನ್ನು ಎರಡು ತುಂಡು ಮಾಡಿ ಅದೇ ಹೂವಿನೊಳಗೆ ಸಿಕ್ಕಿಸಿ ವಾಪಸು ಕಳಿಸಿದೆ. ಬಲಗೈಯಲ್ಲೇ ಮುರಿದೆ, ಅಷ್ಟು ಶಕ್ತಿ ಬಂದಿದೆ.

ಬೇರೆ ಪತ್ರಿಕೆಯೊಂದು ಕೆಲಸ ಕೊಟ್ಟಿದೆ. ಮೊದಲು ನೇಮಕದ ಪತ್ರ, ಆಮೇಲೆ ಕೆಲಸ ಎಂದೆ. ವಕೀಲರಮ್ಮ ಅದನ್ನು ಸಾಲು ಸಾಲು ಓದಿದ ಮೇಲೆ ಸಹಿ ಹಾಕಿದೆ. ಕಾರ್ಖಾನೆಯ ಹೊಗೆ ಇನ್ನೂ ನಿಂತಿಲ್ಲ. ಮಕ್ಕಳ ರಕ್ತಪರೀಕ್ಷೆಯ ವರದಿಗಳು ಬಂದಿವೆ, ಓದಿದರೆ ಹೊಟ್ಟೆ ಉರಿಯುತ್ತದೆ. ಮತ್ತೆ ಹೋಗುತ್ತಿದ್ದೇನೆ. ಬೇಡ ಅನ್ನಬೇಡ.

ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಕವರು ಬರುತ್ತದೆ. ವಕೀಲರಮ್ಮನಿಗೇ ಕೊಡಬಹುದಿತ್ತು, ಬಹಳ ಯೋಚಿಸಿದೆ. ಈ ಸಲ ದಿನಾಂಕ ಹಾಕಿದ್ದೇನೆ.

ಗಲಾಟೆ


ಡಿಸೆಂಬರ್ 11

ಚಿರಂಜೀವಿ ಗಲಾಟೆಗೆ ಆಶೀರ್ವಾದಗಳು.

ಮೊನ್ನೆ ಬಸ್ಸಿನ ಕಂಡಕ್ಟರನ ಫೋನಿನಿಂದ ನೀನು ನನಗೆ ಬೈದದ್ದನ್ನು ಆ ಬಸ್ಸಿನವರೆಲ್ಲ ಕೇಳಿರಬೇಕು. "ಟೈರು ಪಂಕ್ಚರ್ ಆಗಿತ್ತು, ಫೋನಿನ ಚಾರ್ಜ್ ಮುಗ್ದಿತ್ತು, ಅಷ್ಟೇ! ಯಾಕಪ್ಪಾ ಊರಿಗೆಲ್ಲಾ ಡಂಗುರ ಹೊಡ್ದೆ?" ಎಂದೆ. ಅಷ್ಟರಲ್ಲಿ ವಕೀಲರಮ್ಮ ಕಾರ್ಖಾನೆಯ ಗೇಟಿನಲ್ಲಿದ್ದರು, ತರಬೇತಿಯ ಮೇಷ್ಟ್ರು ಠಾಣೆಯ ಬಾಗಿಲಲ್ಲಿದ್ದರು, ಅವರ ಜೊತೆ ಆರು ಜನ ವರದಿಗಾರರಿದ್ದರು. ದೊಡ್ಡ ಪೊಲೀಸ್ ಅಧಿಕಾರಿಗೂ ಫೋನ್ ಹೋಗಿತ್ತು. ಅವರಿಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಎಲ್ಲರ ಮುಂದೆ ನಾಚಿಕೆಯಾಯಿತು ಎಂದು ನೀನು ಹೇಳಿದೆ. ಆಗಲಿ. ಅದಕ್ಕೆ ನಾನು ಕ್ಷಮೆ ಕೇಳುವುದಿಲ್ಲ, ಮುಂದಿನ ಸಲವೂ ಹೀಗೆಯೇ ಮಾಡುತ್ತೇನೆ.

ಕವರಿನ ಮೇಲೆ ಡಿಸೆಂಬರ್ 9, ಸಂಜೆ ಐದು ಎಂದಿತ್ತು. ಕತ್ತರಿ ಹಿಡಿದು ಕೂತಿದ್ದೆ. ನಿನಗೆ ಫೋನ್ ಮಾಡಿ ನೋಡಲಿಲ್ಲ, ಏನೂ ಯೋಚಿಸಲಿಲ್ಲ.

ಫಾರಂ ಓದಿದೆ. ಕೊನೆಯ ಪ್ರಶ್ನೆಯ ಎದುರು ಈ ಸಲವೂ "ನನ್ನ ಅಪ್ಪ" ಎಂದು ಬರೆದಿದ್ದೀಯ. ಅವರನ್ನೇ ಆರಿಸಲು ಕಾರಣ ಎಂಬಲ್ಲಿ ಏನೂ ಬರೆದಿಲ್ಲ, ಖಾಲಿ ಬಿಟ್ಟಿದ್ದೀಯ. ಮರೆತು ಬಿಟ್ಟದ್ದಲ್ಲ ಎಂದು ನನಗೆ ಗೊತ್ತು. ಖಾಲಿ ಬಿಟ್ಟ ಫಾರಂ ಅಪೂರ್ಣ. ಅದನ್ನು ಹಾಗೆಯೇ ಕಡತಕ್ಕೆ ಸೇರಿಸುವ ಅಭ್ಯಾಸ ನನಗಿಲ್ಲ.

ಅದಕ್ಕೇ ಆ ಜಾಗದಲ್ಲಿ ನನ್ನ ಕೈಯಾರೆ ತುಂಬಿ, ಸಹಿ ಹಾಕಿ, ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ. ಇಷ್ಟೇ ಬರೆದಿದ್ದೇನೆ: "ತೆರೆದ ಸಮಯ, ಐದು ಗಂಟೆ ಒಂದು ನಿಮಿಷ."

ನಿನ್ನ ಅಪ್ಪ